ದೋಣಿಯ ಎಂಜಿನು ಮತ್ತು ಕಂಪನಿಯವರ ಮೌನ

ವ್ಯವಸಾಯದ ಪತ್ರಿಕೆಯಲ್ಲಿ ಮೀನುದೋಣಿಗಳ ಮಾತೇಕೆಂದು ಘಟ್ಟದ ಮೇಲಣ ವಾಚಕ ಮಹಾಶಯರು ಕೇಳಿಯಾರು. ಕರಾವಳಿಯ ಜಮೀನುದಾರರಿಗೆ ಈ ಸಂದೇಹ ಹುಟ್ಟಲಾರದು. ಭೂತಾಯಿ ಮೀನಿನ ಗೊಬ್ಬರವನ್ನು ತೆಂಗಿನ ಬುಡಕ್ಕೆ ಹಾಕಿ ಬೆಳೆದ ಮನೆತನಗಳು ಅಲ್ಲಿ ಹಲವು ಉಂಟು. ದೋಣಿ ಮಾಡಿಸುವವನಿಗೆ ಕೈಗಡ ಕೊಡುವವರೂ, ಸಹಕಾರ ಸಂಘದ ಸಾಲಕ್ಕೆ ಜಾಮೀನು ನಿಲ್ಲುವವರೂ, ದೋಣಿಯಲ್ಲಿ ಪಾಲು ಹಾಕುವವರೂ ಬಹುಮಟ್ಟಿಗೆ ಭೂಮಿಯುಳ್ಳವರೇ. ಎಂಜಿನು ನಿಂತರೆ ಸಾಲದ ಕಂತು ನಿಲ್ಲುತ್ತದೆ. ಕಂತು ನಿಂತರೆ ಜಾಮೀನುದಾರನ ಮನೆಗೆ ನೋಟೀಸು ಬರುತ್ತದೆ. ಘಟ್ಟದ ಮೇಲಣವರಿಗಾದರೂ ಇದು ಪರರ ವಿಷಯವಲ್ಲ. ಶರಾವತಿಯ ಹಿನ್ನೀರಿನಾಚೆಯ ಹಳ್ಳಿಗಳ ಜನರು 2025ರಲ್ಲಿ ಸೇತುವೆ ತೆರೆಯುವವರೆಗೆ ಆಸ್ಪತ್ರೆಗೂ ಪೇಟೆಗೂ ಲಾಂಚನ್ನೇ ನಂಬಿದ್ದರು. ಬಾವಿಯ ಮೇಲೆ ಡೀಸೆಲ್ ಪಂಪು ಕೂರಿಸಿದ ರೈತನಿಗೆ, ಯಂತ್ರ ಕೊಂಡದ್ದು ಒಂದು ದಿನ, ಮಾರಿದವನನ್ನು ಹುಡುಕಿ ಅಲೆದದ್ದು ಹಲವು ದಿನವೆಂಬ ಅನುಭವ ಹೊಸದೂ ಅಲ್ಲ.

ದೋಣಿಯ ಯಜಮಾನರಿಂದ ಕೇಳಿಬರುವ ದೂರು ಬಂದರು ಯಾವುದಾದರೂ ಸರಿ, ಒಂದೇ ಬಗೆಯದು. ಎಂಜಿನು ಹೊಸದು, ಬೆಲೆಯನ್ನು ಪೂರ್ತಿ ಕೊಟ್ಟಿದೆ. ಮೊದಲ ಮಳೆಗಾಲದಲ್ಲೇ ಒಂದು ಭಾಗ ಕೆಟ್ಟಿತು. ಏಜೆಂಟರು ಬದಲಾಯಿಸಿಕೊಟ್ಟರು. ಅದೇ ಭಾಗ ಮತ್ತೆ ಕೆಟ್ಟಿತು. ಈ ಸಲ ಹಣ ತೆಗೆದುಕೊಂಡು ಬದಲಾಯಿಸಿದರು. ಮೂರನೆಯ ಸಲ ಕೆಟ್ಟಾಗ, ಕಂಪನಿಗೆ ತಿಳಿಸಿದ್ದೇವೆ, ಉತ್ತರ ಬರಬೇಕು ಎಂದರು. ಆ ಉತ್ತರ ಬರಲೇ ಇಲ್ಲ. ಯಂತ್ರ ಕೆಟ್ಟದ್ದಕ್ಕಿಂತಲೂ ಈ ಮೌನವೇ ಯಜಮಾನರನ್ನು ಹೆಚ್ಚು ನೋಯಿಸುತ್ತದೆ. ಬೈದರೂ ಆಗಲಿ, ತಪ್ಪು ನಿನ್ನದೆಂದರೂ ಆಗಲಿ, ಒಂದು ಮಾತು ಬಂದಿದ್ದರೆ ಸಾಕಿತ್ತೆಂದು ಹೇಳಿದವರನ್ನು ಈ ಲೇಖಕನು ಬಲ್ಲನು.

ಕಡಲಿನಲ್ಲಿ ಎಂಜಿನು ನಿಲ್ಲುವುದಕ್ಕೂ ಗದ್ದೆಯ ಬದಿಯಲ್ಲಿ ಪಂಪು ನಿಲ್ಲುವುದಕ್ಕೂ ಇರುವ ಅಂತರವನ್ನು ಇಲ್ಲಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಇಳಿಯಕೂಡದು. 10 ಅಶ್ವಶಕ್ತಿಯವರೆಗಿನ ಎಂಜಿನನ್ನು ಹಿಂದಕ್ಕೆ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಆ ದಿನಗಳಲ್ಲಿ ವಿನಾಯಿತಿಯುಂಟು. ಆದುದರಿಂದ ನಾಡದೋಣಿಯವರ ವರ್ಷದ ಗಳಿಕೆಯ ಮುಖ್ಯ ಪಾಲು ಬರುವುದು ಕಡಲು ಅತ್ಯಂತ ಒರಟಾಗಿರುವ ಕಾಲದಲ್ಲಿಯೇ. ದಡದ ಹತ್ತಿರಕ್ಕೆ ಮೀನಿನ ಹಿಂಡು ಬಂದಿತೆಂಬ ಸುದ್ದಿ ಸಿಕ್ಕಿದ ದಿನ ಹೊರಡಲೇಬೇಕು. ಹೊರಟವರು ಅಳಿವೆಯ ಬಾಯಿಯನ್ನು ದಾಟಲೇಬೇಕು. ಹೊಳೆಯ ನೀರೂ ಕಡಲ ತೆರೆಯೂ ಎದುರುಬದುರಾಗಿ ಬಡಿದು, ಮರಳ ದಿಬ್ಬದ ಮೇಲೆ ತೆರೆ ಒಡೆಯುವ ಆ ಸ್ಥಳದಲ್ಲಿ ದೋಣಿಗೆ ಮುಖ ಸರಿಯಾಗಿರುವುದು ಎಂಜಿನಿನ ನೂಕಿನಿಂದ. ಅಲ್ಲಿ ಎಂಜಿನು ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಮಗುಚುತ್ತದೆ. ಬಲೆ ಹೋಗುವುದು, ಎಂಜಿನು ಹೋಗುವುದು ಆಮೇಲಿನ ಮಾತು.

ಕುಂದಾಪುರದ ಕಡೆಯ ಒಂದು ಊರಿನಲ್ಲಿ ಗುರಿಕಾರರ ಮನೆಯ ಜಗಲಿಯ ಮೇಲೆ ಒಬ್ಬ ದೋಣಿಯ ಯಜಮಾನರು ಒಂದು ಬಟ್ಟೆಯ ಗಂಟನ್ನು ಬಿಚ್ಚಿ ತೋರಿಸಿದರು. ಅದರಲ್ಲಿ ಒಂದೇ ಎಂಜಿನಿನಿಂದ ತೆಗೆದ, ಸುಟ್ಟು ಗೀರುಬಿದ್ದ ಎರಡು ಪಿಸ್ಟನ್ನುಗಳಿದ್ದವು. ಮೂರನೆಯದು ಎಂಜಿನಿನಲ್ಲೇ ಇದೆ, ಅದೂ ಹೆಚ್ಚು ದಿನ ಬಾಳದು ಎಂದರು. ತಾವು ಕಂಪನಿಗೆ ಏನೆಂದು ಬರೆದಿರಿ ಎಂದು ಕೇಳಿದೆ. ಬರೆದಿರಲಿಲ್ಲ, ಏಜೆಂಟರಿಗೆ ಫೋನು ಮಾಡಿದ್ದರು, ಅನೇಕ ಸಲ. ಮೊದಲನೆಯದು ಕೆಟ್ಟಾಗ ಎಂಜಿನು ಎಷ್ಟು ಗಂಟೆ ಓಡಿತ್ತು ಎಂದು ಕೇಳಿದೆ. “ಗಂಟೆ ಲೆಕ್ಕ ಇಟ್ಟುಕೊಂಡು ಕಡಲಿಗೆ ಹೋಗುವವರುಂಟೇ ಸ್ವಾಮಿ?” ಎಂದು ನಕ್ಕರು. ಸೀಮೆಎಣ್ಣೆ ಎಲ್ಲಿಯದು, ಎಂಜಿನ್ ಎಣ್ಣೆ ಎಷ್ಟಕ್ಕೆ ಎಷ್ಟು ಬೆರೆಸುತ್ತಿದ್ದಿರಿ ಎಂಬುದಕ್ಕೆ ಅವರ ಬಳಿ ಉತ್ತರವಿತ್ತು. ಆದರೆ ಅದು ಬಾಯಿಮಾತಿನ ಉತ್ತರ. ಅವರ ಮಾತಿನಲ್ಲಿ ನನಗೆ ಸ್ವಲ್ಪವೂ ಅಪನಂಬಿಕೆಯಿರಲಿಲ್ಲ. ಆದರೆ ದೂರದ ಪಟ್ಟಣದಲ್ಲಿ ಮೇಜಿನ ಮುಂದೆ ಕೂತವನು ನಂಬಲು, ನಂಬದಿದ್ದರೆ ನ್ಯಾಯಸ್ಥಾನದವರು ನಂಬಲು, ಆ ಗಂಟಿನಲ್ಲಿ ಲೋಹವಿತ್ತೇ ಹೊರತು ಕಾಗದವಿರಲಿಲ್ಲ.

ಅದೇ ಜಗಲಿಯಲ್ಲಿದ್ದ ಇನ್ನೊಬ್ಬರ ಕಥೆ ಬೇರೆ. ಅವರ ತಮ್ಮನು ಶಾಲೆಯ ನೋಟುಬುಕ್ಕಿನಲ್ಲಿ ಹೊರಟ ಹೊತ್ತು, ಬಂದ ಹೊತ್ತು, ತುಂಬಿದ ಎಣ್ಣೆ, ಎಂಜಿನು ಮಾಡಿದ ಸದ್ದಿನ ವಿಚಾರ ಎಲ್ಲವನ್ನೂ ಬರೆದಿಟ್ಟಿದ್ದನು. ಅದರ ನಕಲನ್ನು ಸೇರಿಸಿ ರಿಜಿಸ್ಟರು ಅಂಚೆಯಲ್ಲಿ ಎರಡು ಕಾಗದ ಹೋದ ಮೇಲೆ ಕಂಪನಿಯ ಕಡೆಯ ಒಬ್ಬ ಮೆಕ್ಯಾನಿಕನು ಬಂದನು. ಅರ್ಧ ಖರ್ಚನ್ನು ಅವರು ವಹಿಸಿದರು. ಉಳಿದರ್ಧವನ್ನು ಯಜಮಾನರೇ ಕೊಟ್ಟರು. ಪೂರ್ತಿ ಜಯವೆಂದು ಅವರು ಹೇಳಲಿಲ್ಲ. ಕಳೆದುಹೋದ ಮೂರು ವಾರದ ಮೀನಿಗೆ ಯಾರೂ ಏನೂ ಕೊಡಲಿಲ್ಲ.

ಈಗ ಯಂತ್ರದ ವಿಚಾರ. ಯಾವ ಕೇಡು ಯಜಮಾನನ ಅಜಾಗರೂಕತೆಯಿಂದ ಬಂದದ್ದು, ಯಾವುದು ತಯಾರಿಕೆಯ ದೋಷವೆಂಬುದನ್ನು ತಿಳಿಯದೆ ದೂರು ಬರೆಯುವುದರಿಂದ ಪ್ರಯೋಜನವಿಲ್ಲ. ಕಂಪನಿಯವರು ಬಾಯಿ ಬಿಟ್ಟಾಗ ಹೇಳುವ ಮೊದಲ ಮಾತು, ನೀವು ಸರಿಯಾಗಿ ಬಳಸಲಿಲ್ಲ ಎಂಬುದೇ.

ದೋಣಿಯ ಹಿಂದಕ್ಕೆ ಕಟ್ಟುವ ಎಂಜಿನು ತನ್ನನ್ನು ತಣಿಸಿಕೊಳ್ಳುವುದು ಕಡಲ ನೀರಿನಿಂದಲೇ. ಕೆಳಭಾಗದಲ್ಲಿರುವ ಒಂದು ಸಣ್ಣ ರಬ್ಬರಿನ ಚಕ್ರವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನು ಮೆಕ್ಯಾನಿಕರು ಇಂಪೆಲ್ಲರ್ ಎನ್ನುತ್ತಾರೆ. ಆ ನೀರು ಸಿಲಿಂಡರಿನ ಸುತ್ತ ಹರಿದು ಹೊರಬೀಳುತ್ತದೆ. ಎಂಜಿನಿನ ಪಕ್ಕದಿಂದ ಸಣ್ಣ ಧಾರೆ ಚಿಮ್ಮುತ್ತಿರುವುದನ್ನು ಎಲ್ಲರೂ ನೋಡಿದ್ದಾರೆ. ಆ ಧಾರೆ ಸಣ್ಣದಾದರೆ ಎಂಜಿನು ಕಾಯುತ್ತಿದೆಯೆಂದು ಅರ್ಥ. ಅಳಿವೆಯಲ್ಲಿ ಮರಳು ಕಲೆತ ನೀರನ್ನು ಹೀರಿದ ರಬ್ಬರು ಬೇಗ ಸವೆಯುತ್ತದೆ. ದಡಕ್ಕೆ ಬಂದ ಮೇಲೆ ಸಿಹಿನೀರಿನಿಂದ ಒಳಗೆ ತೊಳೆಯದಿದ್ದರೆ ಉಪ್ಪು ಹರಳುಗಟ್ಟಿ ದಾರಿಯನ್ನು ಮುಚ್ಚುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಕೆಳಗೆ ಕೂಡಿಸಿರುವ ಸತುವಿನ ಗಟ್ಟಿಯು ತಾನು ಕರಗಿ ಉಳಿದ ಲೋಹವನ್ನು ಕಾಯಲೆಂದೇ ಇರುವುದು. ಅದು ಕರಗಿತೆಂದು ಚಿಂತಿಸಬೇಕಾಗಿಲ್ಲ, ಕರಗಿದ ಮೇಲೆ ಹೊಸದನ್ನು ಹಾಕದಿದ್ದರೆ ಚಿಂತಿಸಬೇಕು. ಕೆಲವರು ಅದರ ಮೇಲೂ ಬಣ್ಣ ಬಳಿಯುತ್ತಾರೆ. ಬಳಿದರೆ ಅದು ಇದ್ದೂ ಇಲ್ಲದಂತೆ. ಗೇರಿನ ಎಣ್ಣೆಯನ್ನು ಬಿಚ್ಚಿದಾಗ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಸೀಲು ಒಡೆದು ನೀರು ಸೇರಿದೆಯೆಂದು ತಿಳಿಯತಕ್ಕದ್ದು. ಇಂಪೆಲ್ಲರು, ಸತು, ಸೀಲು ಇವೆಲ್ಲ ಸವೆಯುವ ಭಾಗಗಳು. ಕಾಲಕ್ಕೆ ಬದಲಾಯಿಸುವ ಹೊಣೆ ಯಜಮಾನನದೇ.

ಇಂಧನದ ವಿಷಯ ಇದಕ್ಕಿಂತ ತೊಡಕಿನದು. ಸೀಮೆಎಣ್ಣೆಯ ಎಂಜಿನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಪುನಃ ಪೆಟ್ರೋಲಿಗೆ ತರಬೇಕು. ಅವಸರದಲ್ಲಿ ಈ ಕೊನೆಯ ಕ್ರಮ ತಪ್ಪುತ್ತದೆ. ಎಂಜಿನು ಚೆನ್ನಾಗಿ ಕಾಯದೆ ಸೀಮೆಎಣ್ಣೆಯಲ್ಲಿ ಓಡಿದರೆ ಮಸಿ ಕಟ್ಟಿ ಪಿಸ್ಟನ್ನಿನ ರಿಂಗು ಹಿಡಿದುಕೊಳ್ಳುತ್ತದೆ. ಪೆಟ್ರೋಲಾದರೂ ಈಗ ಹಿಂದಿನ ಪೆಟ್ರೋಲಲ್ಲ. ಅದರಲ್ಲಿ ಎಥನಾಲ್ ಬೆರೆಸುವ ಪ್ರಮಾಣವು ದೇಶದಲ್ಲಿ 2022ರ ಹೊತ್ತಿಗೆ ಶೇಕಡ 10ನ್ನು, 2025ರ ಹೊತ್ತಿಗೆ ಶೇಕಡ 20ನ್ನು ಮುಟ್ಟಿತು. ಕಬ್ಬು ಬೆಳೆಯುವ ನಮ್ಮ ರೈತರಿಗೆ ಇದರಿಂದ ಒಳ್ಳೆಯದಾಗಿರಬಹುದು. ದೋಣಿಯವರಿಗೆ ಮಾತ್ರ ಒಂದು ಎಚ್ಚರಿಕೆ ಅವಶ್ಯ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ ನೀರು ಹೆಚ್ಚಾದರೆ ಎಥನಾಲೂ ನೀರೂ ಕೂಡಿ ಡಬ್ಬಿಯ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತವೆ. ಬೆರೆಸಿದ ಎಂಜಿನ್ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ, ತಳದ ಪದರದಲ್ಲಿರುವುದಿಲ್ಲ. ಎಂಜಿನು ಹೀರುವುದು ತಳದಿಂದ. ಎಣ್ಣೆಯಿಲ್ಲದೆ ಓಡಿದ ಪಿಸ್ಟನ್ನು ಏನಾಗುವುದೆಂದು ವಿವರಿಸಬೇಕಾಗಿಲ್ಲ. ತಮ್ಮ ಎಂಜಿನು ಎಷ್ಟು ಎಥನಾಲನ್ನು ತಡೆಯಬಲ್ಲುದೆಂಬುದನ್ನು ತಯಾರಿಸಿದವರೇ ಹೇಳಬೇಕು. ಈ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳುವುದು ಖರೀದಿಗೆ ಮುಂಚೆ ಪ್ರತಿಯೊಬ್ಬನ ಹಕ್ಕು.

ಇಷ್ಟನ್ನೆಲ್ಲ ಕ್ರಮವಾಗಿ ನಡೆಸಿದ ಮೇಲೂ ಒಂದೇ ಭಾಗ, ಒಂದೇ ಗಂಟೆಗಳ ಅಂತರದಲ್ಲಿ, ಒಂದೇ ಮಾದರಿಯ ಹಲವು ಎಂಜಿನುಗಳಲ್ಲಿ ಕೆಡುತ್ತಿದ್ದರೆ ಆಗ ದೋಷವು ಯಜಮಾನನ ಕೈಯಲ್ಲಿಲ್ಲ, ಕಾರ್ಖಾನೆಯಲ್ಲಿದೆಯೆಂದು ಸಂಶಯಿಸಲು ಬಲವಾದ ಕಾರಣವುಂಟು. ಇದು ನಮ್ಮ ಬಡ ದೋಣಿಯವರಿಗೆ ಮಾತ್ರ ಬಂದ ಕಷ್ಟವೆಂದು ಭಾವಿಸಬಾರದು.

ಹಿಂದಕ್ಕೆ ಕಟ್ಟುವ ಎಂಜಿನನ್ನು ಜನರ ಕೈಗೆ ಮುಟ್ಟಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಮಿಲ್ವಾಕಿ ನಗರದ ಓಲ್ ಎವಿನ್‌ರೂಡ್, ನಾರ್ವೆಯಲ್ಲಿ ಹುಟ್ಟಿದವನು. ಅವನ ಎಂಜಿನು ಹೊರಬಂದದ್ದು 1909ರಲ್ಲಿ. ಅದೇ ಹೆಸರಿನ ಎಂಜಿನುಗಳನ್ನು ಮಾಡುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ ಎಂಬ ದೊಡ್ಡ ಕಂಪನಿಯವರು 1990ರ ದಶಕದ ಕೊನೆಯಲ್ಲಿ ಫಿಕ್ಟ್ ಎಂಬ ಹೊಸ ಬಗೆಯ ಇಂಧನ ಚಿಮ್ಮಿಸುವ ಪದ್ಧತಿಯನ್ನು ಮಾರುಕಟ್ಟೆಗೆ ತಂದರು. ಎಣ್ಣೆಯ ಉಳಿತಾಯವೂ ಹೊಗೆ ಕಡಿಮೆಯೂ ಆಗಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಎಂಜಿನುಗಳು ಕೊಂಡವರ ಕೈಯಲ್ಲಿ ಕೆಟ್ಟವು. ಪಿಸ್ಟನ್ನು ಸುಟ್ಟವು, ಸರಿಪಡಿಸಿ ಕೊಟ್ಟವು ಪುನಃ ಕೆಟ್ಟವು. ಕಂಪನಿಯು 2000ದ ಡಿಸೆಂಬರಿನಲ್ಲಿ ದಿವಾಳಿಯ ಅರ್ಜಿ ಹಾಕಿ ಸಾವಿರಾರು ಕೆಲಸಗಾರರನ್ನು ಮನೆಗೆ ಕಳುಹಿಸಿತು. ಆ ಚಳಿಗಾಲದಲ್ಲಿ ವಾರಂಟಿಯ ಕಾಗದ ಹಿಡಿದವರಿಗೆ, ಇದಕ್ಕೆ ಉತ್ತರ ಕೊಡುವವರು ಯಾರೆಂಬುದೇ ಪ್ರಶ್ನೆಯಾಯಿತು. 2001ರಲ್ಲಿ ಕೆನಡಾದ ಬೊಂಬಾರ್ಡಿಯರ್ ಕಂಪನಿಯವರು ಎಂಜಿನಿನ ವ್ಯಾಪಾರವನ್ನು ಕೊಂಡು ಸುಧಾರಿಸಿದರಾದರೂ, ಅದರ ಉತ್ತರಾಧಿಕಾರಿಗಳು 2020ರ ಮೇ ತಿಂಗಳಲ್ಲಿ ಎವಿನ್‌ರೂಡ್ ಹೆಸರಿನ ತಯಾರಿಕೆಯನ್ನೇ ನಿಲ್ಲಿಸಿದರು. ನೂರು ವರ್ಷ ಮೀರಿದ ಹೆಸರೂ ಹೀಗೆ ಮಾಯವಾಗುವುದುಂಟು.

ಇನ್ನೊಂದು ಸಂಗತಿ ನ್ಯಾಯಸ್ಥಾನದ್ದು. ಅಮೆರಿಕದಲ್ಲಿ ಯಮಾಹಾ ಕಂಪನಿಯ 2000ದಿಂದ 2004ರವರೆಗಿನ ಕೆಲವು ನಾಲ್ಕು ಸ್ಟ್ರೋಕಿನ ಎಂಜಿನುಗಳ ಹೊಗೆನಾಳದ ಭಾಗವು ಸುಮಾರು 500ರಿಂದ 700 ಗಂಟೆ ಓಡುವಷ್ಟರಲ್ಲಿ ತುಕ್ಕುತಿಂದು ಹಾಳಾಗುತ್ತದೆಂದೂ, ಕಂಪನಿಯವರು ಇದನ್ನು ತಿಳಿದೂ ಕೊಳ್ಳುವವರಿಗೆ ಹೇಳಲಿಲ್ಲವೆಂದೂ ದೋಣಿಯ ಯಜಮಾನರು ಆರೋಪಿಸಿ ದಾವೆ ಹೂಡಿದರು. ಮೇಲಿನ ನ್ಯಾಯಾಲಯವು 2017ರಲ್ಲಿ ತೀರ್ಪು ಕೊಟ್ಟಿತು. ಗಿರಾಕಿಗಳ ದೂರುಗಳ ಮೂಲಕ ಕಂಪನಿಗೆ ಮುಂಚೆಯೇ ತಿಳಿದಿತ್ತೆಂಬ ವಾದವನ್ನು ನಂಬತಕ್ಕದ್ದೆಂದು ಅದು ಒಪ್ಪಿತು. ಆದರೆ ವಾರಂಟಿಯ ಅವಧಿ ಕಳೆದ ಮೇಲೆ ಭಾಗವು ನಿರೀಕ್ಷೆಗಿಂತ ಬೇಗ ಸವೆದದ್ದು ಪ್ರಾಣಕ್ಕೆ ಅಪಾಯ ತರುವ ದೋಷವೆಂದು ತೋರಿಸಲಾಗಿಲ್ಲವೆಂದು ಹೇಳಿ, ದಾವೆಯನ್ನು ವಜಾ ಮಾಡಿದ ಕೆಳಗಿನ ತೀರ್ಪನ್ನೇ ಎತ್ತಿಹಿಡಿಯಿತು. ಯಜಮಾನರು ಸೋತರು. ದೂರು ವಾರಂಟಿಯೊಳಗೆ ಹೋಗಿರಬೇಕು, ಅಪಾಯವೇನೆಂಬುದನ್ನು ಸ್ಪಷ್ಟವಾಗಿ ಹೇಳಿರಬೇಕು ಎಂಬ ಎರಡು ಮಾತು ನಮಗೂ ಇದರಿಂದ ತಿಳಿಯುತ್ತದೆ. “ಎಂಜಿನು ನಿಂತಿತು” ಎಂದಷ್ಟೇ ಬರೆಯುವುದಕ್ಕೂ, “ಅಳಿವೆಯ ಬಾಯಿಯಲ್ಲಿ ಎಂಟು ಜನರಿದ್ದಾಗ ಎಂಜಿನು ನಿಂತಿತು” ಎಂದು ಬರೆಯುವುದಕ್ಕೂ ವ್ಯತ್ಯಾಸವುಂಟು.

ನಮ್ಮ ದೇಶದ ಕಾಯಿದೆ ಏನು ಹೇಳುತ್ತದೆ? 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕಂಪನಿಯ ಕಚೇರಿಯಿರುವ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು; 5 ಲಕ್ಷದವರೆಗೆ ಶುಲ್ಕವೂ ಇಲ್ಲ. ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ಕೊಡತಕ್ಕದ್ದು. ಒಂದೇ ಹಿತವುಳ್ಳ ಹಲವರು ಆಯೋಗದ ಅನುಮತಿ ಪಡೆದು ಕೂಡಿ ದೂರು ಕೊಡಲೂಬಹುದು. ವಸ್ತುವಿನ ದೋಷವನ್ನು ಪರೀಕ್ಷಿಸಬೇಕಾದಲ್ಲಿ ಆಯೋಗದವರು ಪ್ರಯೋಗಶಾಲೆಗೆ ಕಳುಹಿಸುವರು. ಆದಕಾರಣ ಕೆಟ್ಟ ಭಾಗವನ್ನು ಗುಜರಿಗೆ ಹಾಕುವುದಾಗಲಿ, ಏಜೆಂಟರ ಅಂಗಡಿಯಲ್ಲಿ ರಸೀದಿಯಿಲ್ಲದೆ ಬಿಟ್ಟುಬರುವುದಾಗಲಿ ಕೂಡದು.

ಒಂದು ಅಡಚಣೆಯನ್ನು ಮುಚ್ಚಿಡಬಾರದು. ವಾಣಿಜ್ಯಕ್ಕಾಗಿ ಕೊಂಡವನು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕನಲ್ಲ. ತನ್ನ ಜೀವನೋಪಾಯಕ್ಕಾಗಿಯೇ, ಸ್ವಂತ ದುಡಿಮೆಯಿಂದ ಬಳಸುವವನಿಗೆ ಮಾತ್ರ ವಿನಾಯಿತಿ. ಯಂತ್ರವನ್ನು ತಾನೇ ನಡೆಸುವವನು ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಈ ವಿನಾಯಿತಿಯನ್ನು ಕಳೆದುಕೊಳ್ಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದವರು 1995ರಲ್ಲಿ ಹೇಳಿದ್ದಾರೆ. ತಾನೇ ಚುಕ್ಕಾಣಿ ಹಿಡಿಯುವ ನಾಡದೋಣಿಯವನಿಗೆ ಇದು ಆಸರೆ. ನಾಲ್ಕಾರು ಬೋಟುಗಳನ್ನು ತಾಂಡೇಲರಿಗೆ ಒಪ್ಪಿಸಿ ಮನೆಯಲ್ಲಿರುವ ಜಮೀನುದಾರರು ಮಾತ್ರ ಈ ಬಾಗಿಲನ್ನು ನೆಚ್ಚದಿರುವುದು ಲೇಸು. ಅವರಿಗೆ 1930ರ ಸರಕು ಮಾರಾಟದ ಕಾಯಿದೆಯುಂಟು. ಯಾವ ಕೆಲಸಕ್ಕೆಂದು ಮಾರುವವನಿಗೆ ತಿಳಿಸಿ, ಅವನ ಪರಿಣತಿಯನ್ನು ನಂಬಿ ಕೊಂಡ ವಸ್ತುವು ಆ ಕೆಲಸಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಅದರ 16ನೆಯ ಕಲಮಿನಲ್ಲಿದೆ. ಆದುದರಿಂದ ಖರೀದಿಯ ಕಾಗದದಲ್ಲಿ “ಮಳೆಗಾಲದಲ್ಲಿ ಉಪ್ಪುನೀರಿನಲ್ಲಿ ಮೀನುಗಾರಿಕೆಗೆ” ಎಂದು ಒಂದು ಸಾಲು ಬರೆಸುವುದರಿಂದ ಮುಂದೆ ಬಹಳ ಉಪಯೋಗವಿದೆ.

1952ರ ಒಪ್ಪಂದದಿಂದ ಮೊದಲಾದ ಭಾರತ ನಾರ್ವೆ ಮೀನುಗಾರಿಕಾ ಯೋಜನೆಯವರು ಕೊಲ್ಲಂ ಸಮೀಪದ ನೀಂಡಕರದಲ್ಲಿ ಎಂಜಿನಿನ ದೋಣಿಗಳನ್ನು ತಂದಾಗ, ಜೊತೆಯಲ್ಲಿ ದೋಣಿ ಕಟ್ಟುವ ಅಂಗಳವನ್ನೂ ದುರಸ್ತಿಯ ಕಾರ್ಖಾನೆಯನ್ನೂ ತಂದರು. ಮುಂದೆ ಆ ಯೋಜನೆ ಕಾರವಾರಕ್ಕೂ ಬಂದಿತು. ಎಂಜಿನನ್ನು ಬಲ್ಲವನೂ ಬಿಡಿಭಾಗವೂ ದಡದಲ್ಲಿರಬೇಕೆಂಬುದು ಅವರಿಗೆ ತಿಳಿದಿತ್ತು. ಈಗಿನ ವ್ಯಾಪಾರದಲ್ಲಿ ಎಂಜಿನು ಮಾತ್ರ ಬರುತ್ತದೆ. ಬಿಡಿಭಾಗವು ಎಷ್ಟು ದಿನದಲ್ಲಿ ದೊರೆಯುವುದು, ಎಷ್ಟು ವರ್ಷದವರೆಗೆ ದೊರೆಯುವುದು ಎಂಬುದನ್ನು ಮುಂಗಡ ಕೊಡುವ ಮುಂಚೆಯೇ ಬರೆಸಿಕೊಳ್ಳದಿದ್ದರೆ ಆಮೇಲೆ ಬರೆಸಲಾಗದು. ಇದಕ್ಕೆ ಒಪ್ಪದ ಏಜೆಂಟರ ಬಳಿ ಕೊಳ್ಳಬಾರದೆಂದು ಈ ಲೇಖಕನ ಅಭಿಪ್ರಾಯ, ಬೆಲೆ ಎಷ್ಟೇ ಅಗ್ಗವಾಗಿರಲಿ.

ಗುರಿಕಾರರೂ ಊರಿನ ಮುಖಂಡರೂ ಇದರಲ್ಲಿ ಮಾಡಬಹುದಾದ ಕೆಲಸ ಸಣ್ಣದು, ಆದರೆ ಬೇರೆ ಯಾರೂ ಮಾಡಲಾರರು. ಒಬ್ಬ ಯಜಮಾನನ ದೂರನ್ನು ಕಂಪನಿಯವರು ಕಸದ ಬುಟ್ಟಿಗೆ ಹಾಕಬಹುದು. ಒಂದೇ ಮಾದರಿಯ ಹನ್ನೆರಡು ಎಂಜಿನುಗಳ ನಂಬರು, ಕೊಂಡ ದಿನ, ಓಡಿದ ಗಂಟೆ, ಕೆಟ್ಟ ಭಾಗ, ಕೆಟ್ಟ ದಿನ, ಇವನ್ನು ಒಂದೇ ಪಟ್ಟಿಯಾಗಿ ಬರೆದು, ಊರ ಸಭೆಯ ರುಜುವಿನೊಡನೆ ಹೋದ ಕಾಗದವನ್ನು ಹಾಕುವುದು ಕಷ್ಟ. ಇಂಥ ಒಂದು ರಿಜಿಸ್ಟರನ್ನು ಗ್ರಾಮಸಭೆಯಲ್ಲಾಗಲಿ ಮೀನುಗಾರರ ಸಹಕಾರ ಸಂಘದಲ್ಲಾಗಲಿ ಇಡಬೇಕು. ಕಾಗದವು ಏಜೆಂಟರಿಗೆ ಒಂದು, ತಯಾರಿಸಿದವರ ಮುಖ್ಯ ಕಚೇರಿಗೆ ಒಂದು, ಹೀಗೆ ಎರಡೂ ಕಡೆಗೆ ರಿಜಿಸ್ಟರು ಅಂಚೆಯಲ್ಲಿ ಹೋಗತಕ್ಕದ್ದು. ಹದಿನೈದು ದಿನದ ಗಡುವನ್ನು ಅದರಲ್ಲೇ ಹೇಳತಕ್ಕದ್ದು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ನಂಬರಿಗೆ ದೂರು ದಾಖಲು ಮಾಡಿಸಿ, ಅದರ ಸಂಖ್ಯೆಯನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಉತ್ತರ ಬಾರದಿದ್ದುದೇ ಮುಂದೆ ಯಜಮಾನನ ಪರವಾದ ಸಾಕ್ಷ್ಯವಾಗುತ್ತದೆ. ಆದರೆ ಕಾಗದ ಹೋದದ್ದಕ್ಕೆ ಅಂಚೆಯ ರಸೀದಿ ಇದ್ದರೆ ಮಾತ್ರ.

ಎಂಜಿನಿನ ನಂಬರನ್ನು ಬಿಲ್ಲಿನಿಂದ ನಕಲು ಮಾಡದೆ ಎಂಜಿನಿನ ಮೇಲಿನ ತಗಡಿನಿಂದಲೇ ಓದಿ ಬರೆದುಕೊಳ್ಳತಕ್ಕದ್ದು. ಬಿಲ್ಲಿನ ನಂಬರಿಗೂ ತಗಡಿನ ನಂಬರಿಗೂ ಒಂದಂಕೆ ತಪ್ಪಿದರೂ ವಾರಂಟಿ ಸಿಗದೆ ಹೋದದ್ದುಂಟು. ಈ ಕೆಲಸವನ್ನು ಎಂಜಿನು ಮನೆಗೆ ಬಂದ ದಿನವೇ ಮಾಡಬೇಕು. ಉಪ್ಪುಗಾಳಿಗೆ ಆ ತಗಡು ಕೆಲವು ಮಳೆಗಾಲಗಳಲ್ಲೇ ಓದಲು ಬಾರದಂತಾಗುತ್ತದೆ.